ಸಾಲಿನ ಕೊನೆಯ ಜಾಗ

ನಾನು ನವಲಗುಂದದ ಒಂದು ಜಮಖಾನ. ಈಗ ಬಣ್ಣ ಮಾಸಿದೆ, ಅಂಚು ಬಿಚ್ಚಿದೆ. ಆದರೆ ಜುಲೇಖಾಬಿ ಎಂಬ ಮುದುಕಿ ನನ್ನನ್ನು ಮಗ್ಗದಿಂದ ಇಳಿಸಿದ ದಿನ ಕೆಂಪು, ಹಳದಿ, ಹಸಿರು ಮೂರೂ ನಾ ಮುಂದು ತಾ ಮುಂದು ಎನ್ನುತ್ತಿದ್ದವು. ನಡುವೆ ಪಗಡೆ ಹಾಸು, ಮೂಲೆಗೊಂದು ನವಿಲು. ಬಾದಾಮಿಯ ನೀಲವ್ವ ನನ್ನನ್ನು ಕೊಂಡು ಹೆಗಲ ಮೇಲೆ ಹೊತ್ತು ಬಸ್ ಹತ್ತಿದಳು. ಕಂಡಕ್ಟರ್ ನನಗೂ ಟಿಕೆಟ್ ಕೇಳಿದ, ಆಕೆ ಕೊಡಲಿಲ್ಲ.

ಹಾಸುವ ವಸ್ತುವಿಗೆ ಕಣ್ಣು ಅಷ್ಟಕ್ಕಷ್ಟೆ. ನನಗೆ ಚೆನ್ನಾಗಿ ತಿಳಿಯುವುದು ಭಾರ ಮತ್ತು ಬಿಸಿ. ಮನುಷ್ಯರನ್ನು ಪಾದ, ಮಂಡಿ, ಬೆನ್ನುಗಳಿಂದ ಗುರುತಿಸುತ್ತೇನೆ; ನೀಲವ್ವನನ್ನು ಬಿರುಕು ಬಿಟ್ಟ ಹಿಮ್ಮಡಿಯಿಂದ. ನೀಲವ್ವನ ಒಬ್ಬಳೇ ಮಗಳು ದಾನಮ್ಮ ಮಧ್ಯಾಹ್ನ ಉಂಡ ಮೇಲೆ ಗೋಡೆ ಕಡೆಯ ನವಿಲಿನ ಮೇಲೆ ಕೆನ್ನೆಯಿಟ್ಟು ಮಲಗುತ್ತಿದ್ದಳು. ಒಂಟಿಯಾಗಿ ಮಲಗಲು ಅವಳಿಗೆ ಹೆದರಿಕೆ, ತಾಯಿ ಪಕ್ಕದಲ್ಲಿ ಅಡ್ಡಾಗಲೇಬೇಕು. ಏಳನೆಯ ವರ್ಷಕ್ಕೆ ಜ್ವರ ಬಂದು ಹುಡುಗಿ ಹೋಗಿಬಿಟ್ಟಳು. ನನ್ನನ್ನು ಮಡಚಿ ಟ್ರಂಕಿನ ಮೇಲಿಟ್ಟರು. ಆ ಮನೆಯಲ್ಲಿ ಮಾತೂ ಕಡಿಮೆಯಾಯಿತು.

ಎರಡು ಬೇಸಿಗೆ ಕಳೆದ ಮೇಲೆ ಹುಬ್ಬಳ್ಳಿಯಿಂದ ನೀಲವ್ವನ ಬಾಲ್ಯದ ಗೆಳತಿ, ಅವಳನ್ನು ಅಕ್ಕಾ ಎಂದೇ ಕರೆಯುವ ಕಸ್ತೂರಿ ಬಂದಳು. ಆಕೆಗೆ ತಂದೆತಾಯಿ ಇಲ್ಲ, ಅಂದ ಮೇಲೆ ತವರೂ ಇಲ್ಲ. ಗಂಡನ ಸೈಕಲ್ ಅಂಗಡಿಯ ದುಡಿಮೆಯಲ್ಲಿ ಲಾಡ್ಜ್ ಹಿಡಿದು ಊರು ನೋಡುವುದು ಕನಸಿನ ಮಾತು. “ಸೂಟಿಗೆ ನಮ್ಮನಿಗೇ ಬಾ” ಎಂದು ನೀಲವ್ವ ಬೇಸಿಗೆ ರಜೆಗೆ ಕರೆದಿದ್ದಳು. ಮೂರು ಮಕ್ಕಳು, ಒಂದು ಗಂಟು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಹಿಡಿದು ಬಂದೇ ಬಿಟ್ಟಳು. ಬೆಳಿಗ್ಗೆ ಗುಹೆ, ಕೆರೆ, ಮಂಗಗಳ ಜೊತೆ ಜಗಳ. ಮಧ್ಯಾಹ್ನ ಮಾವಿನ ಹಣ್ಣಿನ ಸೀಕರಣೆ ಊಟ. ಆಮೇಲೆ ನನ್ನನ್ನು ಕೊಡವಿ ಹಾಸಿ ಮಕ್ಕಳನ್ನು ಸಾಲಾಗಿ ಮಲಗಿಸಿದರು.

ಮೂರು ಬೆನ್ನು ಬಿದ್ದವು. ಸ್ವಲ್ಪ ಹೊತ್ತಿಗೆ ಗೋಡೆ ಕಡೆ ನಾಲ್ಕನೆಯದು. ಭಾರ ನನಗೆ ಪರಿಚಯದ್ದೇ. ಬಿಸಿ ಮಾತ್ರ ಇರಲಿಲ್ಲ. ನನಗೆ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಒಂದೊಂದೇ ತಲೆ ಸವರುತ್ತ ಬಂದ ನೀಲವ್ವ ಗೋಡೆಯ ಹತ್ತಿರ ತಡೆದು ನಿಂತಳು. ಅವಳ ಮಂಡಿ ನನ್ನ ಮೇಲೆ ಊರಿತು, ಬಹಳ ಹೊತ್ತು ಏಳಲಿಲ್ಲ. ಆಮೇಲೆ ಆ ಬರಿ ಜಾಗಕ್ಕೂ ಒಂದು ಚಾದರ ಹೊದಿಸಿ, ಬೀಸಣಿಕೆ ಹಿಡಿದು ಕುಳಿತಳು. ಚಾದರದ ಕೆಳಗೆ ಉಸಿರು ಏರಿ ಇಳಿಯುತ್ತಿತ್ತು.

ಮುಂದೆ ವರ್ಷಾ ವರ್ಷಾ ಹೀಗೇ. ನೆಂಟರು ಬಂದರೆ ಮುಖ ಗಂಟು ಹಾಕಿಕೊಳ್ಳುವವರ ಓಣಿಯಲ್ಲಿ ನೀಲವ್ವ ಮಾತ್ರ ಬೇಸಿಗೆ ಹತ್ತಿರ ಬಂದರೆ ಹುಬ್ಬಳ್ಳಿಗೆ ಹೇಳಿಕಳಿಸುತ್ತಿದ್ದಳು. “ನೀಲವ್ವನ ಮನಿ ಧರ್ಮಛತ್ರ ಆಗೇತಿ” ಎಂದು ಜನ ನಗುತ್ತಿದ್ದರು. ಮಕ್ಕಳು ಊರಿಗೆ ಹೋದ ಮರುದಿನವೂ ಅವಳು ನನ್ನನ್ನು ಹಾಸಿ ಕಾಯುತ್ತಿದ್ದುದು ಅವರಿಗೇನು ಗೊತ್ತು? ಯಾರೂ ಬರುತ್ತಿರಲಿಲ್ಲ. ಮಕ್ಕಳ ಸಾಲು ಇದ್ದರೆ ಮಾತ್ರ ಆ ಕೂಸು ಬರುವುದು.

ಒಂದು ಮಧ್ಯಾಹ್ನ ಕಸ್ತೂರಿಯ ಕಿರಿಮಗಳು ಶಾರಿ ನನ್ನ ಮೇಲೆ ನಿಂತು ನೀಲವ್ವನಿಗೆ, “ದೊಡ್ಡವ್ವ, ಗ್ವಾಡಿ ಕಡೆ ಮಲಗೂ ಹುಡುಗಿ ನನ್ನ ಕೈ ಹಿಡ್ಕೋತಾಳ. ಭಾಳ ತಣ್ಣಗ ಅದಾವ ಅಕಿ ಕೈ” ಎಂದಳು.

ಕಸ್ತೂರಿಯ ಕೈಯಿಂದ ದಿಂಬು ಬಿತ್ತು. ಗೆಳತಿಯ ಮುಖ ನೋಡಿದವಳೇ ಚೀಲಕ್ಕೆ ಬಟ್ಟೆ ತುರುಕತೊಡಗಿದಳು. ನೀಲವ್ವ ಅಡ್ಡ ಬರಲಿಲ್ಲ. ನನ್ನ ಮೇಲೆ ಕುಸಿದು ಕುಳಿತಳು.

“ಉಪಕಾರ ಮಾಡಾಕ ನಿನ್ನ ಕರೀಲಿಲ್ಲ ಕಸ್ತೂರಿ. ನಿನ್ನ ಹುಡುಗೂರು ಮಲಗಿದ್ರ ನನ್ನ ದಾನಿನೂ ಬರತಾಳ. ಒಬ್ಬಾಕಿನ ಮಲಗಾಕ ಅಕಿಗೆ ಅಂಜಿಕಿ. ನೀ ಹೋದಿ ಅಂದ್ರ ಅಕಿನೂ ಹೋದಂಗ. ಆಮ್ಯಾಲ ನಾ ಯಾರ್ನ ಕಾಯಲಿ?”

ಕಸ್ತೂರಿಯ ಪಾದಗಳು ಗೆಳತಿಯ ಕಡೆ ತಿರುಗಿದವು. “ಇಷ್ಟ ವರ್ಷ ನಿನ್ನ ಹಂಗಿನ ಕೂಳು ಉಣ್ಣಾಕತ್ತೀನಿ ಅಂತ ನಾಚ್ತಿದ್ನಲ್ಲ, ಅಕ್ಕಾ” ಎಂದಳು.

ಚೀಲ ಕೆಳಗಿಟ್ಟಳು. ಮಕ್ಕಳನ್ನು ಮಲಗಿಸಿ, ಶಾರಿಗೂ ಗೋಡೆಗೂ ನಡುವೆ ತಾನೇ ಮಲಗಿ, ಒಂದು ತೋಳನ್ನು ಗೋಡೆ ಕಡೆ ಚಾಚಿದಳು. ಸ್ವಲ್ಪ ಹೊತ್ತಿಗೆ ಆ ತೋಳು ನನ್ನೊಳಗೆ ಒತ್ತಿತು. ಮೇಲೆ ಒಂದು ಸಣ್ಣ ತಲೆ ಬಂದಿತ್ತು. ಮೈಯೆಲ್ಲ ಬೆವರಿದರೂ ಕಸ್ತೂರಿ ತೋಳು ಹಿಂದೆ ತೆಗೆದುಕೊಳ್ಳಲಿಲ್ಲ.

ನೀಲವ್ವ ತೀರಿಕೊಂಡ ಮೇಲೆ ನಾನು ಹುಬ್ಬಳ್ಳಿಗೆ ಬಂದೆ. ಆಕೆ ಹಾಗೆಂದು ಹೇಳಿಯೇ ಹೋಗಿದ್ದಳು. ಈಗ ಕಸ್ತೂರಿಗೆ ಮಂಡಿನೋವು, ನನಗೆ ಮೈತುಂಬ ತೂತು. ವರ್ಷವೆಲ್ಲ ಮಂಚದ ಕೆಳಗೆ ಸುರುಳಿಯಾಗಿ ಬಿದ್ದಿರುತ್ತೇನೆ. ಹಳೆಯದಾದ ಜಮಖಾನಕ್ಕೆ ಉಳಿಯುವುದೇನು? ಯಾರು ಯಾರು ಮಲಗಿ ಎದ್ದರು ಎಂಬ ನೆನಪಷ್ಟೆ.

ಈ ಸೂಟಿಗೆ ಶಾರಿಯ ಮಕ್ಕಳು ಅಜ್ಜಿಯ ಮನೆಗೆ ಬಂದಿದ್ದಾರೆ. ನಿನ್ನೆ ಮಧ್ಯಾಹ್ನ ಕಸ್ತೂರಿ ನನ್ನನ್ನು ಹಾಸಿದಳು. ಮಕ್ಕಳು ಮಲಗಿದರು. ಗೋಡೆ ಕಡೆ ಆ ಸಣ್ಣ ಭಾರ ಬಂತು. ಇಷ್ಟು ಕಾಲ ಕಳೆದರೂ ಅದಕ್ಕೆ ಏಳೇ ವರ್ಷ. ಆಮೇಲೆ ನನ್ನ ಅಂಚಿನಲ್ಲಿ, ಬರಲೋ ಬೇಡವೋ ಎಂಬಂತೆ, ಎರಡು ಪಾದಗಳು ಬಂದು ನಿಂತವು. ದೊಡ್ಡವರ ಪಾದ, ತಣ್ಣಗಿದ್ದವು. ಆ ಹಿಮ್ಮಡಿಯ ಬಿರುಕುಗಳನ್ನು ನಾನು ಬಲ್ಲೆ.

ಕಸ್ತೂರಿ ಮೊಮ್ಮಕ್ಕಳನ್ನು ಅತ್ತ ಸರಿಸಿ ಜಾಗ ಮಾಡಿದಳು.

“ಬಾ ಅಕ್ಕಾ, ಸಂಕೋಚ ಮಾಡಬ್ಯಾಡ” ಎಂದಳು. “ಸೂಟಿ ಮುಗಿಯೂತನಕ ಇರು.”