ನಮ್ಮವರನ್ನು ಎಂತ ಕೇಳುವುದು

೧
ಎರಡು ಸಾವಿರದ ಏಳು, ದೀಪಾವಳಿ ಕಳೆದ ಚಳಿ, ಬೆಳಿಗ್ಗೆ ಹನ್ನೊಂದರ ಹೊತ್ತು. ಬಸರೀಕಟ್ಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ಬಿಸಿಯೂಟಕ್ಕೆ ಅಕ್ಕಿ ತೊಳೆಯುತ್ತಿದ್ದೆ. ಹೀಗೆ ಶುರುಮಾಡಿದರೆ ಕಥೆ ಆಗುತ್ತದೋ? ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

೨
(ಮೊದಲು ಬರೆದದ್ದನ್ನು ಹರಿದೆ. ಅದರಲ್ಲಿ ಶರಣ್ಯಾ ಬಹಳ ಕೆಟ್ಟ ಹುಡುಗಿ.
"ಅಷ್ಟು ಕೆಟ್ಟವಳಾ ನಾನು, ಪ್ರೇಮಕ್ಕ?" ಎಂದು ಕಾಗದದೊಳಗಿಂದಲೇ ಕೇಳಿದಳು.
"ಇಲ್ಲ ಮಾರಾಯ್ತಿ. ಕಥೆಗೆ ಒಬ್ರು ಬೇಕಿತ್ತು."
"ಹಂಗಾದ್ರೆ ಹೆಡ್ಮಾಸ್ಟ್ರನ್ನ ಮಾಡಿ.")

೩
ಆದದ್ದು ಇಷ್ಟು (ಕ್ಲಾಸಿನೊಳಗಿನದು ಆಮೇಲೆ ಮಕ್ಕಳು ಹೇಳಿದ್ದು). ಒಂಬತ್ತನೇ ಕ್ಲಾಸಿನ ಈ ಶರಣ್ಯಾ ಶಾಲೆಯ ಕ್ಯಾಮೆರಾದಲ್ಲಿ ನನ್ನ ಫೋಟೋ ಹಿಡಿದಳು. ಹಸಿ ಸೌದೆ ಊದಿ ಕಣ್ಣು ಮೂಗೆಲ್ಲ ನೀರು. ಅದನ್ನು ಎಲ್ಲ ಕಂಪ್ಯೂಟರಿನ ಪರದೆಗೂ ಹಾಕಿದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು.

ಹೆಡ್ಮಾಸ್ಟ್ರು ಪರಮೇಶ್ವರಪ್ಪನವರು (ಹೆಸರು ಹಾಕಬಹುದಾ ಎಂದು ಕೇಳಲು ಧೈರ್ಯ ಬರಲಿಲ್ಲ, ಬದಲಿಸಿದ್ದೇನೆ), "ಇವಳಿಗೆ ಇನ್ನು ಕಂಪ್ಯೂಟರ್ ಕ್ಲಾಸ್ ಇಲ್ಲ" ಎಂದರು. ಶರಣ್ಯಾಳ ಮುಖ ಇಳಿದುಹೋಯಿತು. ಆ ಒಂದು ಕ್ಲಾಸಿಗಾಗಿಯೇ ಶಾಲೆಗೆ ಬರುತ್ತಿದ್ದವಳು ಅವಳು.

ಕಂಪ್ಯೂಟರ್ ಕಲಿಸುವ ನಿಲೋಫರ್ ಟೀಚರ್ ಅವಳತ್ತ ತಿರುಗಿದರು. "ಪ್ರೇಮಕ್ಕನ್ನ ಕೇಳಿದ್ಯಾ?"

"ಅವ್ರು ನಮ್ಮವ್ರೇ ಅಲ್ವಾ ಮಿಸ್. ನಮ್ಮವ್ರನ್ನ ಎಂತ ಕೇಳೋದು?"

(ಊರಲ್ಲಿ ಹಾಗೇ. ಹೊರಗಿನವರಾದರೆ ಕೇಳುತ್ತೇವೆ, ನಮ್ಮವರಾದರೆ ಕೇಳದೇ ತೆಗೆದುಕೊಳ್ಳುತ್ತೇವೆ. ಕರಿಬೇವು, ಕತ್ತಿ, ಮುಖ.)

"ಅದೇ ಇವತ್ತಿನ ಪಾಠ. ಕಂಪ್ಯೂಟರಿಗೆ ಹೋದ ಮುಖ ಆಮೇಲೆ ಎಲ್ಲಿಗೆ ಹೋಗುತ್ತೆ ಅಂತ ನಮಗೆ ಗೊತ್ತಾಗಲ್ಲ. ಎಲ್ಲರೂ ಹೋಗೋಣ, ನೀನೇ ಕೇಳು. ನಿನ್ನ ಕ್ಲಾಸಿನ ವಿಷಯಾನೂ ಅವರೇ ಹೇಳ್ಲಿ. ಆಗ್ಬಹುದಾ ಸಾರ್?"

೫
(ನಾಲ್ಕು ಬರೆದಿದ್ದೆ. ಬರೀ ಒಲೆಯ ವರ್ಣನೆ. ಬೇಡ.)

ಇಡೀ ಕ್ಲಾಸು, ಹಿಂದೆ ಹೆಡ್ಮಾಸ್ಟ್ರು, ಅಡುಗೆಕೋಣೆಯ ಬಾಗಿಲಿಗೆ ಬಂದರು. "ನಿಮ್ಮ ಫೋಟೋ ಹಾಕ್ಬಹುದಾ, ಪ್ರೇಮಕ್ಕ?" ಶರಣ್ಯಾ ಕೇಳಿದಳು. ಅವಳಿಗೆ ಕ್ಲಾಸು ತಪ್ಪಿದ್ದನ್ನು ಟೀಚರ್ ಹೇಳಿದರು; ಇರಲೋ ಬೇಡವೋ ನಾನೇ ಹೇಳಬೇಕಂತೆ.

ಮದುವೆ ಗೊತ್ತುಮಾಡಿದಾಗಲೂ ನನ್ನನ್ನು ಯಾರೂ ಕೇಳಿರಲಿಲ್ಲ.

ಇಲ್ಲಿಗೆ ಎರಡು ಮುಕ್ತಾಯ ಬರೆದಿಟ್ಟಿದ್ದೆ. ಒಂದರಲ್ಲಿ ಅವಳನ್ನು ತಬ್ಬಿಕೊಂಡು ಅಳುತ್ತೇನೆ (ಸಾರು ಸೀದುಹೋಗುತ್ತದೆ). ಇನ್ನೊಂದರಲ್ಲಿ ಭಾಷಣ ಮಾಡುತ್ತೇನೆ (ನನಗೇ ನಂಬಿಕೆ ಬರುವುದಿಲ್ಲ). ಅಂದದ್ದು ಇದು:

"ಅದನ್ನ ಅಳ್ಸು ಕೂಸೇ. ಮುಖ ತೊಳ್ಕಂಡು ಬತ್ತೆ, ಬೇರೆ ಹಿಡಿ. ಆ ಹೊಸದನ್ನ ಕಂಪ್ಯೂಟರಿಗೆ ಹಾಕಕ್ಕೆ ಇವಳು ಕ್ಲಾಸಲ್ಲಿ ಇರ್ಬೇಕಲ್ಲ ಸಾರ್."

"ಇರ್ಲಿ ಮಾರಾಯ್ತಿ" ಎಂದರು ಹೆಡ್ಮಾಸ್ಟ್ರು.

೬
ಮುಂದಿನ ವರ್ಷ ಟೀಚರಿಗೆ ನರಸಿಂಹರಾಜಪುರಕ್ಕೆ ವರ್ಗವಾಯಿತು. ಹೊರಡುವ ಮುಂಚೆ ಅಡುಗೆಕೋಣೆಗೆ ಬಂದು, "ಈ ಕಥೆ ಅಲ್ಲಿನ ಮಕ್ಕಳಿಗೆ ಹೇಳಬಹುದಾ?" ಎಂದು ಕೇಳಿದರು. ಅವರ ಉಪಕಾರ ದೊಡ್ಡದು. ಒಂದು ಉತ್ತರ ಕೊಟ್ಟೆ. ಅದೇನೆಂದು ನಿಮಗೆ ಹೇಳುವುದಿಲ್ಲ, ಅದು ನಮ್ಮಿಬ್ಬರದು. ನಿಲೋಫರ್ ಟೀಚರ್ ಹೋದದ್ದು ಒಂದು ಶನಿವಾರ, ಬೆಳಗಿನ ಕ್ಲಾಸು ಬಿಟ್ಟ ಮೇಲೆ.