ಮೂರನೆಯ ಗುಂಡಿ

ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವುದರೊಳಗೆ ನಮ್ಮವರಿಗೆ ಅಂಗಿ ತೊಡಿಸಿ ಗುಂಡಿ ಹಾಕಿ ಮುಗಿಸಬೇಕು. ಆರು ವಾರದಿಂದ ನನ್ನ ಬೆಳಗು ಶುರುವಾಗುವುದೇ ಹೀಗೆ. ಅಂದು ಎರಡು ಗುಂಡಿ ಹಾಕಿ ಮೂರನೆಯದನ್ನು ಹಿಡಿದಿದ್ದೆ, ಯಾರೋ ಬಾಗಿಲು ತಟ್ಟಿದರು.

ನಮ್ಮವರು ಟೈಲರ್. ಬೀದಿಯ ಅರ್ಧ ಜನರ ಅಂಗಿಗೆ ಕಾಜಾ ಹೊಲಿದ ಕೈ ಅದು. ಸ್ಟ್ರೋಕ್ ಆದಮೇಲೆ ಆ ಬಲಗೈ ಮಡಿಲಲ್ಲಿ ಮಲಗಿಬಿಟ್ಟಿದೆ. ತಿನ್ನಿಸುವುದು ಅತ್ತೆ, ಬಟ್ಟೆ ಹಾಕುವುದು ನಾನು, ತಲೆ ಬಾಚುವುದು ಮಗಳು. ಅವರಿಗೆಂದು ಒಂದು ಕೆಲಸವನ್ನೂ ನಾವು ಉಳಿಸಿರಲಿಲ್ಲ.

ಬಂದವರು ಆಸ್ಪತ್ರೆಯ ಥೆರಪಿ ಮೇಡಂ. ಮನೆಗೆ ಕಳಿಸುವ ದಿನ ಒಂದು ಚೀಟಿ ಕೊಟ್ಟಿದ್ದೆವಲ್ಲ, ಯಾಕೆ ಬರಲೇ ಇಲ್ಲ ಎಂದು ಕೇಳಿದರು. ಚೀಟಿ ಹೊಲಿಗೆ ಯಂತ್ರದ ಡ್ರಾಯರಿನಲ್ಲೇ ಇತ್ತು. ಅದರಲ್ಲಿ ‘ಆಕ್ಯುಪೇಷನಲ್ ಥೆರಪಿ’ ಎಂದಿತ್ತು. ಆಕ್ಯುಪೇಷನ್ ಎಂದರೆ ಉದ್ಯೋಗ, ತನ್ನ ಶಾಲೆಯ ಅರ್ಜಿಯಲ್ಲೂ ಅಪ್ಪನ ಹೆಸರಿನ ಕೆಳಗೆ ಅದೇ ಪದ ಇದೆ ಎಂದು ಮಗಳು ಹೇಳಿದ್ದಳು. ಈ ಸ್ಥಿತಿಯಲ್ಲಿ ಇವರನ್ನು ಯಾವುದೋ ಕೆಲಸಕ್ಕೆ ಹಚ್ಚುತ್ತಾರೆಂದು ನಾನು ಹೆದರಿಬಿಟ್ಟೆ. ಮಗಳ ಅರ್ಜಿಯಲ್ಲಿ ಆ ಜಾಗ ಇನ್ನೂ ಖಾಲಿ. ಅದನ್ನು ಹಿಡಿದು ಏನೋ ಕೇಳಲು ಬರುತ್ತಾಳೆ, ಅಪ್ಪನ ಕೈ ನೋಡಿ ಅರ್ಜಿ ಮಡಚಿಟ್ಟುಕೊಳ್ಳುತ್ತಾಳೆ.

ಅತ್ತೆ ಬಿಡಲಿಲ್ಲ. “ಚಮಚ ಎತ್ತಕ್ಕಾಗ್ದೋನಿಗೆ ಎಂಥ ಉದ್ಯೋಗ ಕೊಡ್ಸ್ತೀರಮ್ಮ? ನಿಮ್ಮ ಆಸ್ಪತ್ರೆ ಗೇಟು ಕಾಯಿಸ್ತೀರಾ?”

ಮೇಡಂ ನಕ್ಕರು. “ಚಮಚ ಎತ್ತೋದೇ ಉದ್ಯೋಗ, ಅಜ್ಜಿ. ಮುಖ ತೊಳ್ಕೊಳ್ಳೋದು, ಗುಂಡಿ ಹಾಕ್ಕೊಳ್ಳೋದು, ದಿನಾ ಮಾಡೋದನ್ನೆಲ್ಲ ಮತ್ತೆ ಕಲಿಸೋದು ನಮ್ಮ ಕೆಲಸ.” ಆಮೇಲೆ ನನ್ನ ಕಡೆ ತಿರುಗಿದರು. “ಅಕ್ಕ, ಆ ಗುಂಡಿ ಬಿಡಿ. ಅವರೇ ಹಾಕ್ಕೊಳ್ಲಿ.”

ಪಾದ ನೆಲಕ್ಕೆ ಊರುವಂತೆ ಅವರನ್ನು ಕುರ್ಚಿಯಲ್ಲಿ ಕೂರಿಸಿದರು. ಮೇಡಂ ಎತ್ತಿ ಇಟ್ಟ ಬಲಗೈ ಅಂಗಿಯ ಅಂಚನ್ನು ಒತ್ತಿ ಹಿಡಿಯಬೇಕು, ಎಡಗೈ ಗುಂಡಿ ತೂರಿಸಬೇಕು. ಜಾರಿತು. ಮತ್ತೆ ಜಾರಿತು. ಅವರ ಹಣೆಯಲ್ಲಿ ಬೆವರು. ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು, ಮಸಿಬಟ್ಟೆಯನ್ನು ಹಿಂಡುತ್ತಾ ನಿಂತೆ. ಒಳಗೆ ಹಾಲು ಉಕ್ಕಿದ ವಾಸನೆ ಬಂತು, ಒಲೆ ಆರಿಸಿ ಓಡಿಬಂದೆ. ಇನ್ನೂ ಆಗಿರಲಿಲ್ಲ.

ಆರು ವಾರ ನಾನೇ ಹಾಳು ಮಾಡಿದೆನಾ ಎಂದು ಮೆಲ್ಲಗೆ ಕೇಳಿದೆ. ಮೇಡಂ ಮುಚ್ಚಿಡಲಿಲ್ಲ. ಬೇಗ ಶುರು ಮಾಡಿದ್ದರೆ ಒಳ್ಳೆಯದಿತ್ತು, ಆದರೆ ಕಾಲ ಮೀರಿಲ್ಲ ಎಂದರು. ಕೈಗೆ ಎಷ್ಟು ಶಕ್ತಿ ಮರಳುತ್ತದೆಂದು ಈಗಲೇ ಹೇಳಲಾಗದು. ಆದರೆ ನೀವೇ ಎಲ್ಲ ಮಾಡಿಕೊಟ್ಟರೆ ಆ ಕೈ ಕಲಿಯುವುದು ಯಾವಾಗ ಎಂದು ಕೇಳಿದರು.

ಆರನೆಯ ಸಲ ಗುಂಡಿ ತೂರಿತು. ನಮ್ಮವರು ಉಸಿರು ಬಿಟ್ಟು, ಒಂದೊಂದೇ ಪದ ಹುಡುಕಿ ಹೇಳಿದರು: “ಕಾಜಾ... ತೀರಾ ಬಿಗಿ. ಯಾವ ಟೈಲರ್... ಹೊಲಿದಿದ್ದು?”

ಹೊಲಿದವರು ಅವರೇ. ಅತ್ತೆ ನಗುತ್ತಲೇ ಕಣ್ಣೊರೆಸಿಕೊಂಡರು. ಚೀಟಿ ಎಲ್ಲಿದೆ, ಯಾವ ದಿನ ಬರಬೇಕು ಎಂದು ವಿಚಾರಿಸಿದವರೂ ಅತ್ತೆಯೇ.

ನಿಮ್ಮ ಮನೆಯಲ್ಲೂ ಸ್ಟ್ರೋಕ್ ಆದವರಿದ್ದರೆ, ಈ ಥೆರಪಿ ಎಲ್ಲಿ ಸಿಗುತ್ತದೆಂದು ಡಾಕ್ಟರನ್ನು ಇವತ್ತೇ ಕೇಳಿ. ಚೀಟಿ ಕೊಟ್ಟರೆ ನನ್ನ ಹಾಗೆ ಡ್ರಾಯರಿಗೆ ಹಾಕಬೇಡಿ. ಥೆರಪಿಯವರು ಕಲಿಸಿದಂತೆ ನಿಮ್ಮವರೇ ಮಾಡಿಕೊಳ್ಳಲು ಬಿಡಿ. ಬೀಳದಂತೆ ಪಕ್ಕದಲ್ಲಿರಿ, ಸೋತ ಕೈಯನ್ನು ಹಿಡಿದೆಳೆಯಬೇಡಿ. ಹೊತ್ತಾಗುತ್ತದೆ, ಆಗಲಿ.

ಅಂದು ಇನ್ನೂ ಎರಡು ಗುಂಡಿ ಉಳಿದಿದ್ದವು. ನಮ್ಮವರು ನಾಲ್ಕನೆಯದನ್ನು ಹುಡುಕುತ್ತಿದ್ದಾಗ ಮಗಳು ಅರ್ಜಿ ತಂದು ಅವರ ಮಂಡಿಯ ಮೇಲಿಟ್ಟಳು.

“ಅಪ್ಪ, ಉದ್ಯೋಗ ಅನ್ನೋ ಜಾಗದಲ್ಲಿ ಏನಂತ ಬರೀಲಿ?”