ಪಕ್ಕದ ಸೀಟು

ಕಾರು ರಿಪೇರಿ ಮೇಸ್ತ್ರಿಯ ಅಣ್ಣ ಶೆಡ್ಡಿನ ಶಟರನ್ನು ಅರ್ಧಕ್ಕೆ ಎತ್ತಿ, ಬಗ್ಗಿ ಒಳಗೆ ನುಗ್ಗಿ, ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಕೀ ತಂದು ನರ್ಸಮ್ಮನ ಕೈಗೆ ಕೊಟ್ಟೇಬಿಟ್ಟ.

“ತಗೊಳ್ಳಮ್ಮ ನಿಮ್ಮ ಗಾಡಿ. ರೆಡಿಯಾಗಿದೆ ಅಂತ ನನ್ನ ತಮ್ಮನೇ ಮೊನ್ನೆ ಫೋನಲ್ಲಿ ಹೇಳಿದ್ದ. ಇದನ್ನ ಈಚೆ ತೆಗೆದ್ರೆ ಒಂದಷ್ಟು ಕುರ್ಚಿ ಹಾಕ್ಬೋದು. ಬಂದೋರೆಲ್ಲ ಬಿಸಿಲಲ್ಲಿ ನಿಂತಿದಾರೆ.”

“ಇವತ್ತೇ ಯಾಕೆ ಸಾರ್? ಇಂಥ ಹೊತ್ತಲ್ಲಿ...”

“ಅದರಲ್ಲೇನಿದೆ? ಮಣ್ಣು ಮುಗಿಸ್ಕೊಂಡು ಹಾಗೇ ಡ್ಯೂಟಿಗೆ ಹೊರಡಿ. ಹೋಗೋವಾಗ ನಮ್ಮ ಹೆಂಗಸರನ್ನ ಕೂರಿಸ್ಕೊಳ್ಳಿ, ಅಷ್ಟು ಉಪಕಾರ ಮಾಡಿ. ಗಾಡಿಗಳು ಸಾಲ್ತಿಲ್ಲ.”

ಬೆಳಗಿನಿಂದ ಆತ ಹೀಗೇ ಓಡಾಡುತ್ತಿದ್ದ. ತಮ್ಮನ ಹೆಣದ ಮುಂದೆ ಕೂತರೆ ಎಲ್ಲಿ ಅತ್ತುಬಿಡುತ್ತೇನೋ ಎಂದು ಹೆದರಿದ ಗಂಡಸರು ಕುರ್ಚಿ, ನೀರು, ಗಾಡಿ ಎಂದು ಏನಾದರೊಂದನ್ನು ತಲೆಗೆ ಹಚ್ಚಿಕೊಳ್ಳುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ.

ಶೆಡ್ಡಿಗೂ ಮನೆಯ ನಡುಕೋಣೆಗೂ ಮಧ್ಯೆ ಒಂದು ಕಿಟಕಿ. ಅದರ ಕೆಳಗೆ ಗಂಡನ ತಲೆಯ ಬಳಿ ಕೂತಿದ್ದ ಮೇಸ್ತ್ರಿಯ ಹೆಂಡತಿಗೆ ಈ ಮಾತೆಲ್ಲ ಕೇಳಿಸಿತು. ಯಾರೋ ಅವನ ಕ್ರಾಪನ್ನು ತಪ್ಪು ಕಡೆಗೆ ಬಾಚಿದ್ದರು. ಅದನ್ನು ಬೆರಳಿನಿಂದ ಸರಿಮಾಡುತ್ತಿದ್ದ ಕೈ ಅಲ್ಲೇ ನಿಂತಿತು. ಆ ಗಾಡಿ ಹೋಗಬಾರದು. ಅದರ ಬ್ರೇಕಿನ ಕೆಲಸ ಮುಗಿದ ದಿನ ಅವಳು ಜ್ವರ ಬಂದು ಮಲಗಿದ್ದಳು. ಗಂಡ ಒಬ್ಬನೇ ಟ್ರಯಲ್ ಓಡಿಸಿಕೊಂಡು ಬಂದು, “ಬೆಣ್ಣೆ ಥರ ನಿಲ್ಲುತ್ತೆ, ನೀನು ಮಲಕ್ಕೋ” ಎಂದಿದ್ದ. ಮಾರನೆಯ ಬೆಳಿಗ್ಗೆ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದ.

ಬಾಗಿಲಾಚೆ ಟಿಂಕರ್ ಮಾತಾಡುತ್ತಿದ್ದ. ನೆಗ್ಗಿದ ಗಾಡಿಗಳ ತಗಡನ್ನು ತಟ್ಟಿ ನೇರ ಮಾಡುವ ಅವನ ಅಂಗಡಿ ಪಕ್ಕದಲ್ಲೇ. ಮೇಸ್ತ್ರಿಯ ಜೊತೆ ಹಳೇ ಕಂಪನಿಯಲ್ಲೂ ಇದ್ದವನು.

“ಹೆಂಡ್ತಿ ಪಕ್ಕದಲ್ಲಿ ಕೂರದೆ ಟ್ರಯಲ್‌ಗೆ ಹೊರಟಿದ್ದೇ ಇಲ್ಲ ಮಹಾರಾಯ. ‘ಏನಯ್ಯಾ, ಗಿರಾಕಿ ಗಾಡೀಲಿ ದಿನಾ ಹನಿಮೂನಾ?’ ಅಂತ ಎಷ್ಟು ರೇಗಿಸಿದೀನಿ. ಸುಮ್ನೆ ಹಲ್ಲು ಕಿರಿಯೋನು.”

ಸುತ್ತ ನಿಂತವರು ನಕ್ಕರು. ನಕ್ಕಿದ್ದಕ್ಕೆ ನಾಚಿ ಸುಮ್ಮನಾದರು. ಒಳಗೆ ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

*

ಕಂಪನಿ ವರ್ಕ್‌ಶಾಪಿನಲ್ಲಿ ಮೇಸ್ತ್ರಿಗೆ ಒಳ್ಳೆಯ ಹೆಸರಿತ್ತು. ಸುತ್ತಿಗೆ, ಗ್ರೈಂಡರು, ಗಾಳಿಯಂತ್ರ ಇವುಗಳ ಗದ್ದಲದ ನಡುವೆ ವರ್ಷಾನುಗಟ್ಟಲೆ ನಿಂತವನಿಗೆ ಕಿವಿ ಯಾವಾಗ ಕೈಕೊಟ್ಟಿತೋ ತಿಳಿಯಲಿಲ್ಲ. ಪೂರ್ತಿ ಹೋಗಿದ್ದರೆ ತಿಳಿಯುತ್ತಿತ್ತು. ಸೀಟಿಯಂಥ, ಕೀಚಲಿನಂಥ ಸಣ್ಣ ಶಬ್ದಗಳಷ್ಟೇ ಒಂದೊಂದಾಗಿ ಸದ್ದಿಲ್ಲದೆ ಜಾಗ ಖಾಲಿ ಮಾಡಿದ್ದವು.

ಒಂದು ದಿನ, ಅವನು ಸರಿಯಾಗಿದೆಯೆಂದು ಕಳಿಸಿದ ಗಾಡಿ ವಾಪಸು ಬಂತು. ಮ್ಯಾನೇಜರು ಎಲ್ಲರನ್ನೂ ಕರೆದು ಎಂಜಿನ್ ಚಾಲೂ ಮಾಡಿಸಿದ. “ಇಷ್ಟು ಕಿರುಚ್ತಾ ಇದೆ, ಕೇಳಿಸ್ಲಿಲ್ವೇನಯ್ಯಾ ನಿನಗೆ?” ಇವನು ಬಾನೆಟ್ಟಿನೊಳಗೆ ತಲೆ ತೂರಿಸಿ, ಕೇಳಿಸಿದವನ ಹಾಗೆ ನಟಿಸಿ, ಬೇರೆಲ್ಲೋ ಬೆರಳು ತೋರಿಸಿದ. ನಿಂತಿದ್ದವರೆಲ್ಲ ಘೊಳ್ಳೆಂದರು. ಕೆಲಸದ ಮೇಲೆ ಗಮನ ಸಾಲದು ಎಂದು ಅವನನ್ನು ಮನೆಗೆ ಕಳಿಸಿದರು.

ಮನೆಯಲ್ಲಿ ಕೂತವನ ಪಕ್ಕದಲ್ಲೇ ಕುಕ್ಕರು ಕೂಗಿ ಕೂಗಿ ಸುಸ್ತಾಯಿತು. ಅವನು ಕತ್ತು ತಿರುಗಿಸಲಿಲ್ಲ. ಹೆಂಡತಿ ಬಂದು ಒಲೆ ಆರಿಸಿ ಎದುರಿಗೆ ಕೂತಳು.

“ಯಾವಾಗಿಂದ?”

“ಗೊತ್ತಿಲ್ಲ ಕಣೇ. ನಿಜವಾಗ್ಲೂ ಗೊತ್ತಿಲ್ಲ.”

ಡಾಕ್ಟರು ಕೊಟ್ಟ ಕಿವಿಯ ಯಂತ್ರ ಹಾಕಿಕೊಂಡು ಒಮ್ಮೆ ಸುತ್ತಿಗೆ ಎತ್ತಿದ. ಒಂದೇ ಏಟಿಗೆ ತಲೆ ಸಿಡಿದ ಹಾಗಾಗಿ, ಅದನ್ನು ಕಿತ್ತು ಡಬ್ಬಿಗೆ ಹಾಕಿದ. ಬೇರೆ ಕಡೆ ಕೆಲಸ ಕೇಳಲು ಮುಖವಿರಲಿಲ್ಲ. ಬಾಯಿಬಿಟ್ಟು ಹೇಳಿದವಳು ಅವಳೇ: “ರೀ, ಮನೆ ಪಕ್ಕದ ಶೆಡ್ಡಲ್ಲಿ ನಿಮ್ಮದೇ ಶುರು ಮಾಡಿ. ಕೈ ನಿಮ್ಮದು ಇದೆಯಲ್ಲ. ಕೇಳೋ ಕೆಲಸ ನನಗೆ ಬಿಡಿ.”

ಹೇಳುವುದು ಸುಲಭ. ಕಾರಿನ ಮುಂದೆ ಯಾವುದು, ಹಿಂದೆ ಯಾವುದು ಎಂಬಷ್ಟೇ ಅವಳಿಗೆ ತಿಳಿದಿತ್ತು. ಅವನು ತನ್ನ ಹಳೆಯ ಗಾಡಿಯನ್ನು ಅವಳಿಗೋಸ್ಕರ ಬೇಕೆಂದೇ ಕೆಡಿಸತೊಡಗಿದ. ಇವತ್ತು ಒಂದು ಬೆಲ್ಟು ಸಡಿಲ ಮಾಡುವನು, ನಾಳೆ ಬ್ರೇಕಿನ ಒಂದು ಪಿನ್ನು ಈಚೆ ಎಳೆಯುವನು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರು ಸುತ್ತುವನು. “ಈಗೇನು ಕೇಳಿಸ್ತು?” “ಇಲಿ ಮರಿ ಅತ್ತ ಹಾಗೆ.” “ಯಾವ ಕಡೆ?” ಶಬ್ದ ಬಂದ ಕಡೆಗೆ ಅವಳು ಕೈ ತೋರುವಳು. ಹೀಗೆ ಕೆಡಿಸಿ, ಕೇಳಿಸಿ, ಸರಿಪಡಿಸಿ, ಆ ಗಾಡಿಯ ಪ್ರಾಣ ಹೋಗುವಷ್ಟರಲ್ಲಿ ಅವಳ ಕಿವಿ ಪಳಗಿತು. ಆಮೇಲೆ ಬೋರ್ಡು ಬರೆಸಿದರು.

ಬೋರ್ಡು ತೂಗುಹಾಕಿದ ದಿನ ಅವನು ಅವಳಿಂದ ಆಣೆ ಮಾಡಿಸಿಕೊಂಡ. “ಕಿವುಡನ ಹತ್ರ ಯಾರು ಗಾಡಿ ಬಿಡ್ತಾರೆ ಹೇಳು? ಯಾರಿಗೂ ಗೊತ್ತಾಗಬಾರದು. ಮಗಳಿಗೂ ಬೇಡ. ಮಕ್ಕಳ ಬಾಯಿ, ಸ್ಕೂಲಲ್ಲಿ ಆಡಿಬಿಟ್ರೆ ನಮ್ಮ ಕತೆ ಮುಗೀತು.”

*

ಮೇಸ್ತ್ರಿಯ ಹೆಂಡತಿ ಗೋಡೆ ಹಿಡಿದು ಎದ್ದಳು. ನೀರಿನ ಲೋಟಗಳ ತಟ್ಟೆ ಹಿಡಿದು ಮಗಳು ಎದುರಾದಳು. ಗಂಡನ ಊರಿನಿಂದ ಬೆಳಿಗ್ಗೆ ಬಂದವಳು ಅಡುಗೆಮನೆ ಸೇರಿ, ಬಂದವರ ಉಪಚಾರ ನೋಡಿಕೊಳ್ಳುತ್ತಿದ್ದಳು. “ಹೆತ್ತಪ್ಪ ಹೋಗಿದಾನೆ, ಕಣ್ಣಲ್ಲಿ ಒಂದು ಹನಿ ನೀರಿಲ್ವಲ್ಲ ಈ ಹುಡುಗಿಗೆ” ಎಂದು ಮೂಲೆಯಲ್ಲಿ ಯಾರೋ ಪಿಸುಗುಟ್ಟಿದ್ದು ತಾಯಿಗೂ ಕೇಳಿಸಿತ್ತು, ಮಗಳಿಗೂ ಕೇಳಿಸಿತ್ತು.

“ಕೂತ್ಕೋಮ್ಮ. ಏನು ಬೇಕು ಹೇಳು, ನಾನು ತರ್ತೀನಿ.”

“ಏನೂ ಬೇಡ ಪುಟ್ಟಿ. ನೀನು ಒಂದು ಗಳಿಗೆ ಅಪ್ಪನ ಹತ್ರ ಕೂರಬಾರದಾ?”

“ಕೂತು?” ಎಂದಳು ಮಗಳು. “ಇದ್ದಾಗಲೇ ನನ್ನ ಜೊತೆ ಮಾತಾಡ್ಲಿಲ್ಲ, ಈಗ ಮಾತಾಡ್ತಾರಾ?” ಒರಟಾಗಿ ಹೇಳಲಿಲ್ಲ. ಲೆಕ್ಕ ಚುಕ್ತಾ ಆದವರ ಹಾಗೆ ಹೇಳಿ ತಟ್ಟೆ ಹಿಡಿದು ಹೋದಳು.

*

ಮಗಳು ಚಿಕ್ಕವಳಿದ್ದಾಗ ಓಟದಲ್ಲಿ ಗೆದ್ದು, ಬಹುಮಾನದ ಕಪ್ಪು ಹಿಡಿದುಕೊಂಡು ಸ್ಕೂಲಿನಿಂದ ನೇರ ಶೆಡ್ಡಿಗೆ ಓಡಿಬಂದಿದ್ದಳು. ಗಾಡಿಯ ಕೆಳಗಿಂದ ಅಪ್ಪನ ಕಾಲುಗಳಷ್ಟೇ ಕಾಣುತ್ತಿದ್ದವು.

“ಅಪ್ಪಾ! ಅಪ್ಪಾ, ಈಚೆ ಬಾ, ನೋಡು!”

ಕಾಲು ಅಲುಗಲಿಲ್ಲ. ಇನ್ನೂ ಗಟ್ಟಿಯಾಗಿ ಕೂಗಿದಳು. ಅಷ್ಟರಲ್ಲಿ ಟಿಂಕರ್ ರಸ್ತೆಯಿಂದಲೇ, “ಏನಯ್ಯಾ, ದೊಡ್ಡ ಸ್ಪ್ಯಾನರ್ ಇದ್ಯಾ?” ಎಂದ. “ಬಂದೆ ಬಂದೆ” ಎನ್ನುತ್ತಾ ಅಪ್ಪ ಸರ್ರನೆ ಈಚೆ ಜಾರಿಬಂದ. ಆಗಲೇ ಹುಡುಗಿ ಅಲ್ಲಿರಲಿಲ್ಲ.

ಅಡುಗೆಮನೆಯಲ್ಲಿ ಅಮ್ಮನ ಮಡಿಲಿಗೆ ಮುಖ ಒತ್ತಿ, “ಅಪ್ಪಂಗೆ ಊರೋರೆಲ್ಲ ಬೇಕು. ನಾನು ಮಾತ್ರ ಬೇಡ” ಎಂದಳು. ತಾಯಿ ಬಾಯಿ ತೆರೆದಳು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೊಸ ಬೋರ್ಡಿನ ಬಣ್ಣ ಇನ್ನೂ ಮಾಸಿರಲಿಲ್ಲ, ಮನೆಯ ಅನ್ನವೆಲ್ಲ ಅದರ ಮೇಲೆಯೇ ನಿಂತಿತ್ತು. ಬಾಯಿ ಮುಚ್ಚಿಕೊಂಡಳು. ಆಮೇಲೆ ಹೇಳೋಣ, ದೊಡ್ಡವಳಾಗಲಿ, ಮದುವೆಯಾಗಲಿ ಎಂದು ಮುಂದಕ್ಕೆ ತಳ್ಳುತ್ತಲೇ ಬಂದಳು. ಮಗಳು ಅಪ್ಪನನ್ನು ಕೂಗುವುದನ್ನೇ ಬಿಟ್ಟಳು. ಫೋನ್ ಕೊಟ್ಟರೂ, “ಬೇಡಮ್ಮ, ಹೂಂ ಅಂತಾರೆ ಅಷ್ಟೇ” ಎಂದು ಇಟ್ಟುಬಿಡುವಳು.

*

“ಭಾವ, ಆ ಗಾಡಿ ಇವತ್ತು ಕೊಡಬೇಡಿ” ಎಂದಳು ಮೇಸ್ತ್ರಿಯ ಹೆಂಡತಿ ಅಂಗಳಕ್ಕೆ ಬಂದು. “ಇನ್ನೂ ಸ್ವಲ್ಪ ಕೆಲಸ ಇದೆ ಅಂತಿದ್ರು.”

“ಎಲ್ಲ ಮುಗಿದಿದೆ ಅಂತ ನನಗೇ ಹೇಳಿದಾನಲ್ಲಮ್ಮ. ನೀನು ಜ್ವರದಲ್ಲಿ ಮಲಗಿದ್ದೆ, ನಿನಗೆ ಗೊತ್ತಿಲ್ಲ. ಅವನ ಕೊನೇ ಮಾತಿಗೆ ನಾವೇ ಅನುಮಾನ ಪಡೋದಾ?”

ನಿಂತಿದ್ದವರೆಲ್ಲ ಅವಳನ್ನೇ ನೋಡಿದರು. ಮೇಸ್ತ್ರಿಯ ಕೈಯಲ್ಲಿ ಗಾಡಿ ಕೊಟ್ಟು ನಿಶ್ಚಿಂತೆಯಾಗಿ ಮಲಗಿದ ಜನ. ಗಂಡ ಇನ್ನೂ ಮನೆಯೊಳಗೇ ಮಲಗಿರುವಾಗ, ಇವರ ಮುಂದೆ ಅವನ ಹೆಸರಿಗೆ ಮಸಿ ಬಳಿಯುವುದು ಹೇಗೆ? ನರ್ಸಮ್ಮ ಈ ಗಾಡಿಯಲ್ಲೇ ತನ್ನ ಮಗುವನ್ನು ಹಿಂದೆ ಕೂರಿಸಿಕೊಂಡು ದಿನವೂ ಆಸ್ಪತ್ರೆಯ ಇಳಿಜಾರು ಇಳಿಯುತ್ತಾಳೆ. ಸುಮ್ಮನಿರುವುದು ಹೇಗೆ? ಬಹುಶಃ ಏನೂ ಆಗಿರಲಿಕ್ಕಿಲ್ಲ. ಅವನ ಕೈಯಲ್ಲವೇ.

“ಹಾಗಾದ್ರೆ ನಾನು ಅದರಲ್ಲೇ ಬರ್ತೀನಿ” ಎಂದಳು.

“ನೀನು ಅವನ ಜೊತೆ ವ್ಯಾನಲ್ಲಿ ಬರಬೇಕಮ್ಮ!”

“ನಾನು ಇದರಲ್ಲೇ ಬರ್ತೀನಿ ಭಾವ.”

ದುಃಖದಲ್ಲಿ ತಲೆ ಕೆಟ್ಟಿರಬೇಕು ಎಂದುಕೊಂಡು ಯಾರೂ ಎದುರಾಡಲಿಲ್ಲ. ಶವದ ಪೆಟ್ಟಿಗೆಯನ್ನು ವ್ಯಾನಿಗೆ ಏರಿಸಿದರು. ಅಣ್ಣ ಅದರ ಜೊತೆ ಹತ್ತಿದ. ಹಿಂದೆ ನರ್ಸಮ್ಮನ ಗಾಡಿ. ಪಕ್ಕದ ಸೀಟಿನಲ್ಲಿ ಅವಳು, ಹಿಂದೆ ಮಗಳು. ಮೆರವಣಿಗೆ ನಡಿಗೆಯ ವೇಗದಲ್ಲಿ ಹೊರಟಿತು.

“ಅಕ್ಕ, ಅತ್ತುಬಿಡಿ. ಹೀಗೆ ಬಿಗಿಹಿಡ್ಕೊಂಡಿರಬೇಡಿ” ಎಂದಳು ನರ್ಸಮ್ಮ.

“ಸ್ವಲ್ಪ ಹೊತ್ತು ಮಾತಾಡಬೇಡಮ್ಮ.”

ಕಣ್ಣು ಮುಚ್ಚಿದಳು. ನೇರ ರಸ್ತೆಯಲ್ಲಿ ಎಂಜಿನ್ ಒಳ್ಳೆಯ ಹಸುವಿನ ಹಾಗೆ ನಡೆಯಿತು. ಬ್ಯಾಂಕಿನ ತಿರುವಿನಲ್ಲಿ ನರ್ಸಮ್ಮ ಬ್ರೇಕು ಒತ್ತಿದಳು. ಬಲಗಡೆಯಿಂದ, ಕೂದಲೆಳೆಯಷ್ಟು ಸಣ್ಣಗೆ, ಒಂದು ಕೀಚಲು. ತನಗೆ ಹಾಗೆನ್ನಿಸಿತಷ್ಟೇ ಆಗಲಿ ಎಂದು ಬೇಡಿಕೊಂಡಳು. ಸ್ಕೂಲಿನ ಮುಂದಿನ ಉಬ್ಬಿನಲ್ಲಿ ಮತ್ತೆ ಅದೇ, ಇಲಿ ಮರಿ ಅತ್ತ ಹಾಗೆ. ಗಂಡ ಬದುಕಿದ್ದಾಗ ಇಂಥದ್ದು ಕೇಳಿಸಿದರೆ ಕಳ್ಳ ಸಿಕ್ಕಿಬಿದ್ದಷ್ಟು ಖುಷಿಯಾಗುತ್ತಿತ್ತು. ಈಗ ಕಣ್ಣು ತೆರೆದು ನರ್ಸಮ್ಮನ ತೋಳು ಹಿಡಿದಳು.

“ನಿಲ್ಲಿಸಮ್ಮ. ಇನ್ನು ಇದನ್ನ ಓಡಿಸಬೇಡ.”

ಹಿಂದಿನ ಗಾಡಿಗಳೂ ನಿಂತವು. ಟಿಂಕರ್ ಇಳಿದು ಬಂದ. ಮುಂದೆ ವ್ಯಾನು ನಿಲ್ಲಿಸಿ ಅಣ್ಣನೂ ಓಡಿಬಂದ. ಏನಾಯಿತು, ತಲೆ ಸುತ್ತು ಬಂತಾ ಎಂದು ಜನ ಮುತ್ತಿಕೊಂಡರು.

“ಬಲಗಡೆ ಮುಂದಿನ ಚಕ್ರ. ಬ್ರೇಕಿನ ಪಿನ್ನು ಸರಿಯಾಗಿ ಕೂತಿಲ್ಲ” ಎಂದಳು.

“ಅತ್ತಿಗೆ, ಮೇಸ್ತ್ರಿ ಓಡಿಸಿ ನೋಡಿದ ಗಾಡಿ ಇದು” ಎಂದ ಟಿಂಕರ್ ಮೆತ್ತಗೆ. “ಅವನಿಗೆ ಕೇಳಿಸದ್ದು ನಿಮಗೆ ಹೇಗೆ ಕೇಳಿಸುತ್ತೆ?”

“ಅವರಿಗೆ ಕೇಳಿಸ್ತಿರಲಿಲ್ಲ.”

“ಏನು?”

“ಅವರಿಗೆ ಕಿವಿ ಕೇಳಿಸ್ತಿರಲಿಲ್ಲ. ಕಂಪನೀಲಿದ್ದಾಗಿಂದ. ನಾನು ಕೇಳಿ ಹೇಳ್ತಿದ್ದೆ, ಅವರು ಸರಿ ಮಾಡ್ತಿದ್ರು. ಅದಕ್ಕೇ ಪಕ್ಕದಲ್ಲಿ ಕೂರ್ತಿದ್ದೆ. ಆವತ್ತೊಂದು ದಿನ ಕೂರಲಿಲ್ಲ.”

ಟಿಂಕರ್ ರಸ್ತೆಯಲ್ಲಿ ಮಂಡಿಯೂರಿ ಚಕ್ರದ ಸಂದಿಗೆ ಬೆರಳು ತೂರಿಸಿದ. ಎದ್ದು ಬೆರಳಿನ ಗ್ರೀಸು ಒರೆಸಿಕೊಂಡ. “ಪಿನ್ನು ಅರ್ಧ ಈಚೆ ಬಂದಿದೆ” ಎಂದ. ಆಮೇಲೆ, “ನಾನು ದಿನಾ ಹನಿಮೂನು ಅಂತ... ಅಯ್ಯೋ ಅತ್ತಿಗೆ” ಎಂದು ಮುಖ ತಿರುಗಿಸಿಕೊಂಡ.

“ಇದನ್ನ ಇವತ್ತೇ, ನಡುರಸ್ತೇಲಿ ಹೇಳಬೇಕಿತ್ತೇನಮ್ಮ?” ಅಣ್ಣನ ದನಿ ಒಡೆದಿತ್ತು.

“ಹೇಳಬೇಕಿತ್ತು ಭಾವ. ಅವರೇ ಇದ್ದಿದ್ರೂ ಈ ಗಾಡಿ ಬಿಡ್ತಿರಲಿಲ್ಲ.”

ಹಿಂದಿನ ಬಾಗಿಲು ತೆರೆದುಕೊಂಡಿತು. ಮಗಳು ಇಳಿದು ಅಮ್ಮನ ಕಿಟಕಿಯ ಹತ್ತಿರ ಬಂದು ನಿಂತಳು. ಜನ ತಾವಾಗಿಯೇ ದೂರ ಸರಿದರು.

“ಏನೂ ಕೇಳಿಸ್ತಿರಲಿಲ್ವಾಮ್ಮ?”

“ದಪ್ಪ ದನಿ ಕೇಳಿಸೋದು. ಗಂಡಸರು ಮಾತಾಡಿದ್ರೆ ಗೊತ್ತಾಗೋದು.”

“ನಂದು?”

ತಾಯಿ ಅವಳ ಮುಖ ನೋಡಿದಳು. ಸುಳ್ಳು ಹೇಳುವ ಶಕ್ತಿ ಮುಗಿದುಹೋಗಿತ್ತು. “ನಿಂದು ಕೇಳಿಸ್ತಿರಲಿಲ್ಲ ಪುಟ್ಟಿ. ಎದುರಿಗೆ ನಿಂತು ಹೇಳಿದ್ರೆ ತುಟಿ ನೋಡಿ ತಿಳ್ಕೊಳ್ಳೋರು. ನೀನು ಎದುರಿಗೆ ಬರೋದನ್ನೇ ಬಿಟ್ಟೆ.”

“ಯಾಕೆ ಹೇಳ್ಲಿಲ್ಲ ನೀನು?”

“ಆಣೆ ಹಾಕಿಸ್ಕೊಂಡಿದ್ರು” ಎಂದಳು. ಆ ಉತ್ತರ ಅವಳಿಗೇ ಸಾಕೆನಿಸಲಿಲ್ಲ. ಮಗಳು ಅಮ್ಮನ ಕೈ ಹಿಡಿದು ಇಳಿಸಿಕೊಂಡು ವ್ಯಾನಿನ ಕಡೆಗೆ ನಡೆಸಿದಳು. ಗಾಡಿಯನ್ನು ರಸ್ತೆಬದಿಗೆ ತಳ್ಳಿ ನರ್ಸಮ್ಮನೂ ಅವರ ಹಿಂದೆ ನಡೆದಳು.

ಸ್ಮಶಾನದಲ್ಲಿ ಪೆಟ್ಟಿಗೆಯನ್ನು ಹಗ್ಗದಲ್ಲಿ ಇಳಿಸಿದ್ದಾಯಿತು. ಗುಂಡಿ ತೋಡಿದವನು ಸಲಿಕೆ ಎತ್ತಿಕೊಂಡ.

“ಒಂದು ನಿಮಿಷ ತಡೀಪ್ಪ” ಎಂದಳು ಮಗಳು.

ಹಸಿಮಣ್ಣಿನ ಅಂಚಿನಲ್ಲಿ ಮಂಡಿಯೂರಿ ಕೆಳಕ್ಕೆ ಬಗ್ಗಿದಳು. “ಅಪ್ಪಾ” ಎಂದಳು. ದನಿ ಸಣ್ಣಗೆ, ಚಿಕ್ಕಂದಿನದರ ಹಾಗೇ ಬಂತು. ತಲೆಯಾಡಿಸಿ, ಗಂಟಲು ಕೆಮ್ಮಿ, ಗದ್ದವನ್ನು ಎದೆಗೆ ಒತ್ತಿಕೊಂಡು ಮತ್ತೆ ಕರೆದಳು. ಈ ಸಲ ಗಂಡಸರ ದನಿಯಷ್ಟು ದಪ್ಪಗೆ ಬಂತು. ಆ ದನಿಯಲ್ಲೇ ಅವಳು ಏನೇನೋ ಹೇಳತೊಡಗಿದಳು. ಸಲಿಕೆ ಹಿಡಿದವನು ಅದನ್ನು ಸದ್ದಾಗದ ಹಾಗೆ ಮಣ್ಣಿನ ಗುಡ್ಡೆಯ ಮೇಲೆ ಇಟ್ಟು, ಕೈಕಟ್ಟಿ ನಿಂತ.